ಮೂವತ್ತೈದು ಸೂಜಿ

ಆ ಮನೆಯಲ್ಲಿ ಅತ್ತೆ ಮಾವ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮಾತು ಬಿಟ್ಟಿದ್ದರು ಎಂದರೆ ಸುಮ್ಮನಿರುತ್ತಿದ್ದರು ಎಂದಲ್ಲ. ಬೆಳಗಿನಿಂದ ಸಂಜೆಯವರೆಗೆ ಹತ್ತಾರು ಸಲ ಮಾತಾಡುತ್ತಿದ್ದರು, ಆದರೆ ಎಲ್ಲವೂ ಸೊಸೆಯ ಮೂಲಕ.

“ಅವಳಿಗೆ ಹೇಳು, ಸೋಪು ಮುಗಿದಿದೆ ಅಂತ.”

“ಅವರಿಗೆ ಹೇಳು, ಕಪಾಟಿನ ಮೇಲೆ ಹೊಸದಿದೆ, ಕಣ್ಣು ಬಿಟ್ಟು ನೋಡಿದ್ರೆ ಕಾಣತ್ತೆ ಅಂತ.”

ಇಬ್ಬರೂ ಎರಡು ಮಾರು ದೂರದಲ್ಲೇ ಇರುತ್ತಿದ್ದರು. ಇಬ್ಬರ ಕಿವಿಯೂ ಚುರುಕಾಗಿತ್ತು. ಆದರೂ ಸೊಸೆ ಒಲೆಯ ಮುಂದಿನಿಂದ ತಿರುಗಿ, “ಕಪಾಟಿನ ಮೇಲಿದೆಯಂತೆ ಮಾವ” ಎಂದ ಮೇಲೇ ಆ ಮಾತು ತಲುಪಿದ ಹಾಗೆ. ಕೊಂಕನ್ನು ಸೋಸಿ ಉಳಿದದ್ದನ್ನು ದಾಟಿಸುವುದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಆಸ್ಪತ್ರೆಯಲ್ಲಿ ಡಾಕ್ಟರು ರೋಗಿಗಳ ಮೇಲೆ ಗದರಿದಾಗಲೂ ಅವಳು ಮೆದು ಮಾಡಿಯೇ ಹೇಳುತ್ತಿದ್ದಳು. ಅವಳು ಅಲ್ಲಿ ಹದಿನಾರು ವರ್ಷದಿಂದ ನರ್ಸ್.

ಮಾವ ಮೂವತ್ತೆಂಟು ವರ್ಷ ಒಂದೇ ಬೇಕರಿಯಲ್ಲಿ ಹಿಟ್ಟು ನಾದಿದವರು. ಬೇಕರಿಗೆ ನಾದುವ ಯಂತ್ರ ಬಂದ ದಿನ ಅವರನ್ನು ಮನೆಗೆ ಕಳಿಸಿದರು. ಎಂಟು ದಿನ ಅವರು ಅಡುಗೆಮನೆಗೂ ಹಿತ್ತಲಿಗೂ ಓಡಾಡಿದರು. ಅತ್ತೆ ಮನೆಯಲ್ಲೇ ಬಟ್ಟೆ ಹೊಲಿಯುವವರು, ಒಂದು ಕ್ಷಣ ಕೈ ಬಿಡುವಿಲ್ಲದವರು. ಒಂಬತ್ತನೆಯ ದಿನ ಊಟಕ್ಕೆ ಕೂತಾಗ, ಮಗ ಸೊಸೆಯ ಎದುರಿಗೇ, “ದಿನವಿಡೀ ಕಾಲಿಗೆ ಅಡ್ಡ ಬರ್ತೀರಿ. ಆ ಯಂತ್ರನಾದ್ರೂ ಒಂದು ಮೂಲೇಲಿ ನಿಂತಿರತ್ತೆ” ಎಂದುಬಿಟ್ಟರು. ಮಾವ ಅರ್ಧ ಊಟಕ್ಕೆ ಎದ್ದು ಕೈ ತೊಳೆದರು. ಹಿಂದಿನ ಕೋಣೆಯಲ್ಲಿದ್ದ ತಮ್ಮ ಹಾಸಿಗೆಯನ್ನು ಸುರುಳಿ ಸುತ್ತಿ ಮುಂದಿನ ಕೋಣೆಗೆ ಒಯ್ದರು. ಎರಡು ದಿನದ ಕೋಪ, ತಾನಾಗಿಯೇ ಬರುತ್ತಾರೆ ಎಂದು ಅತ್ತೆ ಅಂದುಕೊಂಡರು. ಕರೆದರೆ ಹೋದರಾಯಿತು ಎಂದು ಮಾವ ಅಂದುಕೊಂಡರು. ಕರೆಯುವವರೂ ಇಲ್ಲ, ಬರುವವರೂ ಇಲ್ಲ, ಹನ್ನೊಂದು ವರ್ಷ ಕಳೆಯಿತು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೊಸೆ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಆರನೆಯ ದಿನ ಮನೆಗೆ ಕಳಿಸುವಾಗ ಒಂದು ಕಾಗದದ ಚೀಲದಲ್ಲಿ ಮೂವತ್ತೈದು ಸಿರಿಂಜುಗಳನ್ನು ಕೊಟ್ಟರು. ಮದ್ದು ಮೊದಲೇ ತುಂಬಿದ, ಬೆರಳುದ್ದದ ಸಿರಿಂಜುಗಳು. ದಿನಕ್ಕೊಂದು, ಹೊಟ್ಟೆಗೆ.

ಮೊದಲ ಬೆಳಿಗ್ಗೆ ಆರೂವರೆಗೆ ಸೊಸೆ ಕೈ ತೊಳೆದು ಅತ್ತೆಯ ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ಮಾವ ಕಾಫಿ ಲೋಟ ಹಿಡಿದು ನಿಂತಿದ್ದರು.

“ಸೊಂಟ ಮುರಿದ್ರೆ ಹೊಟ್ಟೆಗ್ಯಾಕೆ ಸೂಜಿ?” ಎಂದರು ಅತ್ತೆ.

“ಮಲಗಿದಲ್ಲೇ ಮಲಗಿದ್ರೆ ಕಾಲಿನ ರಕ್ತ ಹೆಪ್ಪುಗಟ್ಟತ್ತೆ ಅತ್ತೆ. ಆ ಹೆಪ್ಪು ಮೇಲೆದ್ದು ಶ್ವಾಸಕೋಶಕ್ಕೆ ಹೋದ್ರೆ ಉಸಿರೇ ನಿಂತುಹೋಗತ್ತೆ. ಇದು ರಕ್ತ ತೆಳ್ಳಗಿಡೋ ಮದ್ದು. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ.”

“ಒಳಗೆ ಗಾಳಿಗುಳ್ಳೆ ಇದೆಯಲ್ಲೇ. ಅದನ್ನ ತೆಗಿ.”

“ತೆಗೀಬಾರದು. ಕೊನೇ ಹನಿವರೆಗೂ ಮದ್ದನ್ನ ತಳ್ಳೋಕೆ ಅಂತಲೇ ಅದನ್ನ ಬಿಟ್ಟಿರ್ತಾರೆ.”

ಅವಳು ಹೊಕ್ಕುಳಿಂದ ಮೂರು ಬೆರಳು ಆಚೆಗೆ, ಎಡಪಕ್ಕದಲ್ಲಿ ಜಾಗ ನೋಡಿ ಸ್ಪಿರಿಟಿನ ಹತ್ತಿಯಿಂದ ಒರೆಸಿದಳು. ಒಣಗುವವರೆಗೆ ಕಾದಳು. ಹೆಬ್ಬೆರಳು ತೋರುಬೆರಳಿನ ನಡುವೆ ಚರ್ಮವನ್ನು ಮೆಲ್ಲಗೆ ಮಡಿಕೆ ಹಿಡಿದು, ಸೂಜಿಯನ್ನು ವಾರೆಯಾಗಿಸದೆ ನೆಟ್ಟಗೆ ಪೂರ್ತಿ ಇಳಿಸಿದಳು. ಮದ್ದನ್ನು ನಿಧಾನವಾಗಿ ತಳ್ಳಿದಳು. ಅತ್ತೆ “ಸ್ಸ್” ಎಂದರು. ಅವಳು ಮನಸ್ಸಿನಲ್ಲೇ ಹತ್ತು ಎಣಿಸಿ, ಸೂಜಿಯನ್ನು ನೆಟ್ಟಗೇ ಹೊರತೆಗೆದು, ಆಮೇಲೆ ಮಡಿಕೆ ಬಿಟ್ಟಳು. ಸಿರಿಂಜನ್ನು ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದಳು.

“ಉರೀತಿದೆ ಕಣೆ.”

“ಸ್ವಲ್ಪ ಹೊತ್ತು ಉರಿಯತ್ತೆ. ಆದ್ರೆ ಉಜ್ಜಬೇಡಿ. ತುರಿಸಿದ್ರೂ ಉಜ್ಜಬೇಡಿ. ರಕ್ತ ತೆಳ್ಳಗಿರತ್ತಲ್ಲ, ಉಜ್ಜಿದ್ರೆ ಚರ್ಮದ ಒಳಗೇ ಹರಡಿ ಕಪ್ಪಾಗತ್ತೆ. ನಾಳೆ ಬಲಕ್ಕೆ, ನಾಡಿದ್ದು ಮತ್ತೆ ಎಡಕ್ಕೆ.”

“ನಾನೇನು ಮಗುನಾ, ಒಂದೇ ಮಾತು ಮೂರು ಸಲ ಹೇಳೋಕೆ?”

ಸೊಸೆ ಬಾಗಿಲು ತೆಗೆದಳು. ಮಾವ ಲೋಟ ಚಾಚಿದರು. “ಅವಳಿಗೆ ಕೊಡು.”

“ನೀವೇ ಕೊಡಿ ಮಾವ. ನನ್ನ ಬಸ್ಸು ಹೊರಟುಹೋಗತ್ತೆ.”

ಮೂವತ್ತೈದು ದಿನದ ಕಥೆಯಲ್ಲಿ ತಪ್ಪು ನಡೆದದ್ದು ಅಲ್ಲೇ. ಸೋಪು, ಟವೆಲ್ಲು, ನಲ್ಲಿಯ ಸೋರಿಕೆ, ಎಲ್ಲವನ್ನೂ ಆಚೀಚೆ ಹೊತ್ತವಳು ‘ಉಜ್ಜಬಾರದು’ ಎಂಬ ಒಂದು ಮಾತನ್ನು, ಮುಚ್ಚಿದ ಬಾಗಿಲಿನಿಂದ ಏನೂ ಕೇಳಿಸದೆ ಹೊರಗೆ ನಿಂತವರಿಗೆ ದಾಟಿಸದೆ ಬಸ್ಸಿಗೆ ಓಡಿದಳು.

ಎರಡು ದಿನ ಮಾವ ಲೋಟವನ್ನು ಸ್ಟೂಲಿನ ಮೇಲಿಟ್ಟು, ಗೋಡೆ ನೋಡುತ್ತಾ ಹೊರಬಂದರು. ಮೂರನೆಯ ದಿನ ಉರಿ ಜಾಸ್ತಿಯಿತ್ತು. ಸೊಸೆ ಹೋದ ಮೇಲೂ ಅತ್ತೆ ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡಿದ್ದರು. ಲೋಟ ಇಟ್ಟ ಮಾವ ಹೊರಡಲಿಲ್ಲ. ಸ್ಟೂಲನ್ನು ಹತ್ತಿರ ಎಳೆದು ಕೂತರು. ಎರಡೂ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಒಂದನ್ನು ಹೆಂಡತಿಯ ಹೊಟ್ಟೆಯ ಮೇಲಿಟ್ಟರು. ಅಂಗೈಯ ಬುಡದಿಂದ, ಹಿಟ್ಟನ್ನು ಹದಕ್ಕೆ ತರುವ ಹಾಗೆ ಸುತ್ತಿ ಸುತ್ತಿ ಉಜ್ಜಿದರು. ಹಿಂದೆ ಹೊಲಿದು ಹೊಲಿದು ಅತ್ತೆಯ ಕುತ್ತಿಗೆ ಹಿಡಿದುಕೊಂಡಾಗಲೂ ಹೀಗೇ ಉಜ್ಜುತ್ತಿದ್ದರು. ನೋವಿಗೆ ಅವರಿಗೆ ಗೊತ್ತಿದ್ದ ಮದ್ದು ಅದೊಂದೇ.

“ಇಲ್ಲೇನಾ?” ಎಂದರು ಮಾವ.

ಹನ್ನೊಂದು ವರ್ಷದಲ್ಲಿ ನೇರವಾಗಿ ಕೇಳಿದ ಮೊದಲ ಮಾತು. ಉಜ್ಜಬಾರದಂತೆ ಎಂದು ಹೇಳಲು ಅತ್ತೆ ಬಾಯಿ ತೆರೆದರು. ಬಾಯಿಗೆ ಬಂದದ್ದು ಬೇರೆಯೇ ಮಾತು.

“ಸ್ವಲ್ಪ ಕೆಳಗೆ.”

ನಾಳೆ ಹೇಳಿದರಾಯಿತು ಎಂದು ಅವರು ಅಂದುಕೊಂಡರು. ನಾಳೆಯೂ ಹೇಳಲಿಲ್ಲ.

ಒಂದು ವಾರ ತುಂಬುವ ಹೊತ್ತಿಗೆ ಅತ್ತೆಯ ಹೊಟ್ಟೆಯ ಮೇಲೆ ಅಂಗೈಯಗಲದ ಎರಡು ಕಲೆ ಬಿದ್ದಿದ್ದವು. ನಡುವೆ ನೇರಳೆ, ಅಂಚಿಗೆ ಹಳದಿ. ಸೊಸೆ ನೋಡಿ ಗಾಬರಿಯಾದಳು. ಇಂಥ ಸೂಜಿಗೆ ಸಣ್ಣ ಚುಕ್ಕೆ ಬೀಳುವುದುಂಟು, ಆದರೆ ಇದು ಯಾರೋ ಗುದ್ದಿದ ಹಾಗಿತ್ತು. ವಸಡಿನಲ್ಲಿ ರಕ್ತ ಬರುತ್ತದೆಯೇ, ಮಲ ಕಪ್ಪಗಿದೆಯೇ, ನೋವಿನ ಮಾತ್ರೆ ಬೇರೆ ಯಾವುದಾದರೂ ನುಂಗಿದಿರಾ ಎಂದು ವಿಚಾರಿಸಿದಳು. ರಕ್ತ ಪರೀಕ್ಷೆ ಮಾಡಿಸಿದಳು. ಎಲ್ಲವೂ ಸರಿಯಾಗಿತ್ತು.

“ಅತ್ತೆ, ಆ ಜಾಗಕ್ಕೆ ಕೈ ಏನಾದ್ರೂ ಹಾಕಿದ್ರಾ?”

“ನಾನ್ಯಾಕೆ ಕೈ ಹಾಕ್ಲಿ? ಇಲ್ಲ ಕಣೆ.”

ಅದು ಸುಳ್ಳಲ್ಲ. ಅವರು ಕೈ ಹಾಕಿರಲಿಲ್ಲ.

ಸೊಸೆ ತನ್ನ ಕೈಯನ್ನೇ ಅನುಮಾನಿಸತೊಡಗಿದಳು. ಚುಚ್ಚುವ ಮೊದಲು ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟಳು. ಹತ್ತಲ್ಲ, ಹದಿನೈದು ಎಣಿಸಿದಳು. ಮಡಿಕೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದೇನೋ ಏನೋ ಎಂದು ಇನ್ನೂ ಹಗುರವಾಗಿ ಹಿಡಿದಳು. ದಿನದಿನಕ್ಕೂ ಕಲೆ ಹರಡಿತು. ಕಲೆಯ ಮೇಲೆ ಚುಚ್ಚುವ ಹಾಗಿಲ್ಲ. ಅವಳು ಪ್ರತಿ ಬೆಳಿಗ್ಗೆ ಒಳ್ಳೆಯ ಚರ್ಮ ಎಲ್ಲಿದೆ ಎಂದು ಹುಡುಕಬೇಕಾಯಿತು.

ಮಗ ದೂರದೂರಿನ ಬಸ್ಸಿನ ಡ್ರೈವರು. ಮೂರು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದರೆ ತಿನ್ನುವುದು, ಮಲಗುವುದು. ಅಮ್ಮನನ್ನು ಮಾತಾಡಿಸಿಕೊಂಡು ಬಂದು ಊಟಕ್ಕೆ ಕೂತವನು ಬ್ರೆಡ್ಡು ಮುರಿಯುತ್ತಾ, “ಸ್ವಲ್ಪ ಮೆಲ್ಲಗೆ ಚುಚ್ಚೋದಲ್ವಾ?” ಎಂದ.

“ಮೆಲ್ಲಗೇ ಚುಚ್ತೀನಿ.”

“ಬಸ್ಸಿಗೆ ಹೊತ್ತಾಯ್ತು ಅಂತ ಅವಸರ ಮಾಡ್ತೀಯೇನೋ.”

“ಅವಸರ ಮಾಡೋರು ಬಸ್ಸು ಓಡಿಸೋರು. ನಾನಲ್ಲ.”

“ನೋಡಿದ್ದನ್ನ ಹೇಳಿದೆ. ಅದಕ್ಕೆ ಮುಖ ಯಾಕೆ ಊದಿಸ್ಕೋತೀಯ?”

ಅವಳು ಬೇಯಿಸಿದ ಆಲೂಗಡ್ಡೆಯ ಪಾತ್ರೆಯನ್ನು ಅವನ ಮುಂದೆ ಕುಕ್ಕಿ ಎದ್ದಳು. ಅವನು ನಿದ್ದೆ ಹೋದ ಮೇಲೂ ಅವಳಿಗೆ ಕಣ್ಣು ಹತ್ತಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನು ಅವಳ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು.

ಹದಿನಾಲ್ಕನೆಯ ದಿನ ಭಾನುವಾರ. ಮಗಳು, ಅಂದರೆ ಡ್ರೈವರಿನ ಅಕ್ಕ, ಊರಿನ ಆಚೆ ತುದಿಯಿಂದ ಅಮ್ಮನಿಗೆ ಮೈ ತೊಳೆಸಲು ಬಂದಳು. ಅವಳು ಶಾಲೆಯೊಂದರಲ್ಲಿ ಗುಮಾಸ್ತೆ. ಬರವಣಿಗೆಯಲ್ಲಿ ಇಲ್ಲದ್ದನ್ನು ನಂಬುವವಳಲ್ಲ, ಬರೆದದ್ದನ್ನು ಬಿಡುವವಳೂ ಅಲ್ಲ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಬಂದಳು.

“ಏನಿದು ಅಮ್ಮನ ಹೊಟ್ಟೆ?”

“ಅದೇ ಅತ್ತಿಗೆ, ನನಗೂ ಗೊತ್ತಾಗ್ತಿಲ್ಲ. ಡಾಕ್ಟರಿಗೂ ಹೇಳಿದೀನಿ.”

“ನಿನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗತ್ತೆ? ಚುಚ್ಚೋಳು ನೀನು.”

“ಚುಚ್ಚೋದು ಸರಿಯಾಗೇ ಚುಚ್ತಿದೀನಿ.”

“ಬೇರೆಯವರಿಗೆ ನೂರು ಸಲ ಚುಚ್ಚಿ ಹೆಸರು ತಗೋತೀಯ. ಮನೆಯವರು ಅಂದ್ರೆ ಅಸಡ್ಡೆ.”

“ಅತ್ತೇನೇ ಕೇಳಿ, ನಾನು ಒರಟಾಗಿ ಚುಚ್ತೀನಾ ಅಂತ.”

ಇಬ್ಬರೂ ಹಿಂದಿನ ಕೋಣೆಗೆ ಬಂದರು. ಅತ್ತೆ ಹೊದಿಕೆಯ ಅಂಚು ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

“ಹೇಳಮ್ಮಾ. ನೋವಾಗೋ ಹಾಗೆ ಚುಚ್ತಾಳಾ?”

“ಸೂಜಿ ಅಂದ್ಮೇಲೆ ನೋವಾಗದೆ ಇರತ್ತಾ?” ಎಂದರು ಅತ್ತೆ. ಅಷ್ಟೇ. ಸೊಸೆ ಅವರ ಮುಖವನ್ನೇ ನೋಡುತ್ತಾ ನಿಂತಳು. ಮುಂದಿನ ಕೋಣೆಯಲ್ಲಿ ಮಾವ ಪೇಪರು ಮಡಿಸುವ ಸದ್ದು ಕೇಳುತ್ತಿತ್ತು.

ಮಗಳು ಫೋನಿನಲ್ಲಿ ಹೊಟ್ಟೆಯ ಫೋಟೋ ತೆಗೆದಳು. ಮರುದಿನ ಸೊಂಟ ತೋರಿಸಲು ಅಮ್ಮನನ್ನು ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೋದವಳು ಫೋಟೋದ ಜೊತೆಗೆ ಒಂದು ದೂರಿನ ಕಾಗದ ಬರೆದು ನರ್ಸುಗಳ ಮುಖ್ಯಸ್ಥೆಯಾದ ದೊಡ್ಡ ಸಿಸ್ಟರ ಮೇಜಿನ ಮೇಲಿಟ್ಟು ಬಂದಳು.

ಶುಕ್ರವಾರ ದೊಡ್ಡ ಸಿಸ್ಟರು ಸೊಸೆಯನ್ನು ಕರೆದರು. ಕೋಣೆಯಲ್ಲಿ ತರಬೇತಿಗೆ ಬಂದ ಆರು ಹುಡುಗಿಯರು ನಿಂತಿದ್ದರು. ಮೇಜಿನ ಮೇಲೆ ಚರ್ಮದ ಬಣ್ಣದ ರಬ್ಬರಿನ ದಿಂಬಿತ್ತು.

“ಚುಚ್ಚಿ ತೋರಿಸು,” ಎಂದರು ದೊಡ್ಡ ಸಿಸ್ಟರು.

“ಇವರ ಮುಂದೆನಾ ಮೇಡಂ?”

“ಕಲಿಯೋರ ಮುಂದೆ ತೋರಿಸೋಕೆ ನಾಚಿಕೆ ಏನು?”

ಆರು ಹುಡುಗಿಯರಲ್ಲಿ ನಾಲ್ವರಿಗೆ ಸೂಜಿ ಹಿಡಿಯುವುದನ್ನು ಅವಳೇ ಕಲಿಸಿದ್ದಳು. ಅವಳ ಕಿವಿ ಬಿಸಿಯಾಯಿತು. ಜಾಗ ನೋಡಿದಳು, ಒರೆಸಿದಳು, ಒಣಗಲು ಬಿಟ್ಟಳು, ಗಾಳಿಗುಳ್ಳೆ ಮುಟ್ಟಲಿಲ್ಲ, ಮಡಿಕೆ ಹಿಡಿದಳು, ನೆಟ್ಟಗೆ ಇಳಿಸಿದಳು, ತಳ್ಳಿದಳು, ಎಣಿಸಿದಳು, ತೆಗೆದಳು. ರಬ್ಬರಿಗೆ ನೋವಿಲ್ಲ. ಅವಳಿಗಿತ್ತು.

ದೊಡ್ಡ ಸಿಸ್ಟರು ಹುಡುಗಿಯರನ್ನು ಹೊರಗೆ ಕಳಿಸಿದರು. “ನಿನ್ನ ಕೈಯಲ್ಲಿ ತಪ್ಪಿಲ್ಲ. ಆದ್ರೆ ಫೋಟೋದಲ್ಲಿರೋದು ಉಜ್ಜಿದ ಹೊಟ್ಟೆ. ನಿಮ್ಮ ಮನೇಲಿ ಯಾರೋ ಉಜ್ತಿದಾರೆ.”

“ಅತ್ತೆಗೆ ಹೇಳಿದೀನಿ ಮೇಡಂ. ಮುಟ್ಟೇ ಇಲ್ಲ ಅಂತಾರೆ.”

“ಯಾರು ಅಂತ ನೋಡು. ಕಾಗದ ಬಂದಿದೆ, ನಾನು ಸುಮ್ಮನಿರೋ ಹಾಗಿಲ್ಲ. ಅಲ್ಲೀವರೆಗೆ ವಾರ್ಡಿನ ಸೂಜಿ ಕೆಲಸ ಬೇರೆಯವರು ನೋಡ್ಕೋತಾರೆ. ನೀನು ಬಟ್ಟೆ ಕೋಣೆ ನೋಡ್ಕೋ.”

ಆ ದಿನವಿಡೀ ಅವಳು ಒಗೆದು ಬಂದ ಹಾಸುಬಟ್ಟೆಗಳನ್ನು ಮಡಿಸಿ ಜೋಡಿಸಿದಳು. ಊಟದ ಹೊತ್ತಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳದಿದ್ದದ್ದರಿಂದಲೇ ಎಲ್ಲರಿಗೂ ಗೊತ್ತಾಗಿದೆ ಎಂದು ಅವಳಿಗೆ ತಿಳಿಯಿತು. ಈ ಕೈ ಬಿಟ್ಟರೆ ಅವಳಿಗೆ ಈ ಊರಿನಲ್ಲಿ ಬೇರೆ ಹೆಸರಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಎಂದಿನಂತೆ ಸೂಜಿ ಕೊಟ್ಟು, ಚೀಲ ಹೆಗಲಿಗೇರಿಸಿ, ಶೂ ಹಾಕಿಕೊಂಡು ಹೊರಟಳು. ಬಸ್ ನಿಲ್ದಾಣದವರೆಗೆ ಹೋಗಿ, ಬಂದ ಬಸ್ಸನ್ನು ಹೋಗಲು ಬಿಟ್ಟು, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದಳು. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಾವನ ಅಗಲವಾದ ಬೆನ್ನು ಕಾಣುತ್ತಿತ್ತು. ಆ ಬೆನ್ನು ನಿಧಾನವಾಗಿ ಮುಂದೆ ಹಿಂದೆ ಆಡುತ್ತಿತ್ತು.

“ನಿನ್ನೆಗಿಂತ ಕಮ್ಮಿನಾ?”

“ಕಮ್ಮಿ.”

“ಬೇಕರಿ ಮುಚ್ಚಿದ್ರಂತೆ.”

“ಯಾವಾಗ?”

“ಹೋದ ತಿಂಗಳು. ಯಂತ್ರ ಗುಜರಿಗೆ ಹಾಕಿದ್ರು.”

“ಹಾಗಾದ್ರೆ ಅದೂ ಕಾಲಿಗೆ ಅಡ್ಡ ಬಂತು ಅನ್ನಿ.”

ಮಾವ ನಕ್ಕರು. ಅತ್ತೆ ನಗಲು ಹೋಗಿ ಸೊಂಟ ಹಿಡಿದುಕೊಂಡರು. ಆ ಮನೆಯಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಕ್ಕಿದ್ದನ್ನು ಸೊಸೆ ನೋಡಿದ್ದು ಎಷ್ಟೋ ವರ್ಷಗಳ ಹಿಂದೆ. ಒಳಗೆ ನುಗ್ಗಿ, ಆ ಕೈ ಯಾರದೇ ಇರಲಿ, ಹಿಡಿದು ತೆಗೆಯಬೇಕು ಎಂದೇ ಅವಳು ಬಂದದ್ದು. ಹೆಗಲ ಮೇಲಿನ ಚೀಲವನ್ನು ಹಾಗೇ ಹಿಡಿದುಕೊಂಡು ಸಿಂಕಿನ ಪಕ್ಕ ನಿಂತುಬಿಟ್ಟಳು. ಕೋಪ ಬಂದಿತ್ತು. ಕೋಪಕ್ಕಿಂತ ಹೆಚ್ಚಾಗಿ, ತನ್ನ ಬೆನ್ನ ಹಿಂದೆ ಇಬ್ಬರೂ ಸುಖವಾಗಿದ್ದಾರೆ ಎಂದು ಹೊಟ್ಟೆಕಿಚ್ಚಾಯಿತು.

ಮಾವ ತರಕಾರಿ ತರಲು ಹೊರಗೆ ಹೋದ ಮೇಲೆ ಅವಳು ಒಳಗೆ ಬಂದಳು. ಅತ್ತೆಗೆ ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು.

“ಬಸ್ಸಿಗೆ ಹೋಗಲಿಲ್ವಾ?”

“ಇಲ್ಲ.”

“ನೋಡಿದೆಯಾ?”

“ನೋಡಿದೆ. ಉಜ್ಜಬಾರದು ಅಂತ ನಿಮಗೆ ಗೊತ್ತಿತ್ತು ಅತ್ತೆ.”

“ಗೊತ್ತಿತ್ತು.”

“ಅತ್ತಿಗೆ ನನ್ನನ್ನ ನಿಲ್ಲಿಸಿ ಕೇಳಿದಾಗ್ಲೂ ಗೊತ್ತಿತ್ತು.”

“ಗೊತ್ತಿತ್ತು ಕಣೆ.”

“ವಾರ್ಡಲ್ಲಿ ನನ್ನ ಕೈಯಿಂದ ಸೂಜಿ ಕಿತ್ಕೊಂಡಿದಾರೆ. ನಿನ್ನೆ ಇಡೀ ದಿನ ಬಟ್ಟೆ ಮಡಿಸ್ತಾ ಕೂತಿದ್ದೆ. ನಾನು ಕಲಿಸಿದ ಹುಡುಗೀರ ಮುಂದೆ ರಬ್ಬರಿಗೆ ಚುಚ್ಚಿ ತೋರಿಸಿ ಬಂದೆ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು.”

ಅತ್ತೆ ಹೊದಿಕೆಯ ಹೊಲಿಗೆಯನ್ನು ಬೆರಳಿನಿಂದ ಸವರಿದರು.

“ಹೇಳಿದ್ರೆ ಮಾರನೇ ದಿನದಿಂದ ಅವರು ಬರೋದಿಲ್ಲ,” ಎಂದರು. “ನಿನಗೆ ಅವರು ಗೊತ್ತಲ್ಲ. ಒಂದು ಮಾತಿಗೆ ಎದ್ದು ಹೋದೋರು ಹನ್ನೊಂದು ವರ್ಷ ಬರಲಿಲ್ಲ. ನನ್ನ ಮೈಗೆ ಒಬ್ಬರ ಕೈ ತಾಗಿ ಅಷ್ಟೇ ವರ್ಷ ಆಗಿತ್ತು. ಇನ್ನು ಹದಿನೈದು ದಿನ ತಾನೇ, ಆಮೇಲೆ ಸೂಜೀನೂ ಇಲ್ಲ, ಕಲೇನೂ ಇಲ್ಲ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ.”

“ಆ ಹದಿನೈದು ದಿನ ಚುಚ್ಚೋಕೆ ಜಾಗ ಎಲ್ಲಿದೆ? ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ರಕ್ತ ಒಳಗೇ ಕಟ್ಕೊಂಡು ಗಡ್ಡೆ ಆದ್ರೆ ಡಾಕ್ಟರು ಮದ್ದೇ ನಿಲ್ಲಿಸ್ತಾರೆ. ನಿಲ್ಲಿಸಿದ್ಮೇಲೆ ಕಾಲಿನ ರಕ್ತ ಹೆಪ್ಪುಗಟ್ಟಿದ್ರೆ ಏನಾಗತ್ತೆ ಅಂತ ಮೊದಲನೇ ದಿನವೇ ಹೇಳಿದೆ.”

“ನೀನು ಹೇಳಿದ್ದೆಲ್ಲ ನೆನಪಿದೆ. ಆದ್ರೂ ಅವರು ಸ್ಟೂಲು ಎಳೆಯೋ ಸದ್ದಿಗೆ ಎಲ್ಲ ಮರೀತಿದ್ದೆ.”

ಸೊಸೆ ಹೊಟ್ಟೆಗೆ ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಬಹುದಿತ್ತು, ಎಷ್ಟೋ ಹಾಕಿಕೊಂಡಿದ್ದಳು. ಈ ಸಲ ಆಗಲಿಲ್ಲ.

“ನಾಳೆ ಅತ್ತಿಗೆ ಬರ್ತಾರೆ. ಅವರ ಮುಂದೆ ನೀವೇ ಹೇಳಿ. ನಾನು ಹೇಳಲ್ಲ. ಇದನ್ನ ಮಾತ್ರ ನಾನು ದಾಟಿಸಲ್ಲ ಅತ್ತೆ.”

ಭಾನುವಾರದ ಊಟಕ್ಕೆ ಮಗನೂ ಇದ್ದ. ಅತ್ತೆಯನ್ನು ವಾಕರ್ ಹಿಡಿಸಿ ನಿಧಾನವಾಗಿ ನಡೆಸಿಕೊಂಡು ಬಂದು ಮೇಜಿನ ಮುಂದೆ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಆ ಕೊನೆಗೆ ಮಾವ. ಮೊಟ್ಟೆ, ಬೀನ್ಸು, ಬ್ರೆಡ್ಡು. ಮಗಳು ಕೂತವಳೇ, “ನಾಳೆಯಿಂದ ಕ್ಲಿನಿಕ್ಕಿನ ಹುಡುಗ ಬಂದು ಸೂಜಿ ಹಾಕ್ತಾನೆ. ಎಲ್ಲ ಮಾತಾಡಿದೀನಿ” ಎಂದಳು.

“ಅಕ್ಕ, ಮನೇಲೇ ನರ್ಸ್ ಇಟ್ಕೊಂಡು ಹೊರಗಿನವರನ್ನ ಕರೆದ್ರೆ ಜನ ಏನಂತಾರೆ?” ಎಂದ ಮಗ.

“ಜನ ಅಮ್ಮನ ಹೊಟ್ಟೆ ನೋಡಿದ್ರೆ ಏನಂತಾರೆ ಅದನ್ನ ಹೇಳು.”

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಚಮಚ ಕೆಳಗಿಟ್ಟರು.

“ಯಾರೂ ಬರೋದು ಬೇಡ. ಇವಳ ಕೈಯಲ್ಲಿ ತಪ್ಪಿಲ್ಲ.” ಮಗಳ ಕಡೆ ತಿರುಗಿ, “ನಿಮ್ಮಪ್ಪನಿಗೆ ಹೇಳು...” ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮೇಜಿನ ಆ ಕೊನೆಯನ್ನೇ ನೋಡಿದರು. “ರೀ, ಸೂಜಿ ಹಾಕಿದ ಜಾಗ ಉಜ್ಜಬಾರದಂತೆ. ಉಜ್ಜಿದ್ದಕ್ಕೇ ಈ ಕಲೆ. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನೇ ಬೇಡ ಅನ್ನಲಿಲ್ಲ.”

ಮಗಳು ಅಪ್ಪನನ್ನೂ ಅಮ್ಮನನ್ನೂ ಮತ್ತೆ ಮತ್ತೆ ನೋಡಿದಳು.

“ಅಪ್ಪ ಉಜ್ತಿದ್ರಾ?” ಎಂದ ಮಗ, ನಂಬಲಾಗದೆ.

“ಯಾಕೆ ಬೇಡ ಅನ್ನಲಿಲ್ಲ ಅಮ್ಮ?” ಎಂದಳು ಮಗಳು.

“ಬೇಡ ಅನ್ನೋಕೆ ಮನಸ್ಸು ಬರಲಿಲ್ಲ.” ಅತ್ತೆಯ ಕುತ್ತಿಗೆಯವರೆಗೂ ಕೆಂಪಾಗಿತ್ತು. “ಇನ್ನೂ ಬಿಡಿಸಿ ಹೇಳಬೇಕಾ ನಿನಗೆ?”

ಮಾವ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅರ್ಧ ಮೊಟ್ಟೆ ತಟ್ಟೆಯಲ್ಲೇ ಇತ್ತು. ಎದ್ದರು. ಸಿಂಕಿನ ನಲ್ಲಿ ಬಹಳ ಹೊತ್ತು ಹರಿಯಿತು. ಆಮೇಲೆ ಮುಂದಿನ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು.

“ನೋಡಿದೆಯಾ,” ಎಂದರು ಅತ್ತೆ ಸೊಸೆಗೆ. ಬೈಗುಳವಲ್ಲ, ದೂರಲ್ಲ. ಸುಮ್ಮನೆ ತೋರಿಸಿದ ಹಾಗಿತ್ತು.

ಮಗಳು ಮರುದಿನ ಕಾಗದ ವಾಪಸು ತೆಗೆದುಕೊಂಡಳು. ಸೊಸೆಗೆ ಫೋನು ಮಾಡಿ, “ನನಗೇನು ಗೊತ್ತಿತ್ತು, ನೀನೇ ಹೇಳು” ಎಂದಳು. ಕ್ಷಮಿಸು ಎಂಬುದು ಅವಳ ಲೆಕ್ಕದಲ್ಲಿ ಅದೇ. ಮಗ ಡ್ಯೂಟಿಗೆ ಹೊರಡುತ್ತಾ, “ಹೋಗ್ಲಿ ಬಿಡು, ಎಲ್ಲ ಸರಿಹೋಯ್ತಲ್ಲ” ಎಂದ. ಅವನಿಗೆ ಸರಿಹೋಗಿತ್ತು. ದೊಡ್ಡ ಸಿಸ್ಟರು ಸೂಜಿ ಕೆಲಸವನ್ನು ಮರಳಿ ಕೊಟ್ಟದ್ದಲ್ಲದೆ, ಆ ಆರು ಹುಡುಗಿಯರಿಗೆ ಪಾಠವನ್ನೂ ಅವಳಿಂದಲೇ ಮಾಡಿಸಿದರು.

“ಉಜ್ಜಬಾರದು ಅಂತ ರೋಗಿಗೆ ಹೇಳಿದ್ರೆ ಸಾಲದು,” ಎಂದಳು ಅವಳು. “ಮನೇಲಿರೋರನ್ನೆಲ್ಲ ಕರೆದು ಹೇಳಿ. ಬಾಗಿಲ ಹೊರಗೆ ಯಾರು ನಿಂತಿದಾರೆ ನೋಡಿ, ಅವರಿಗೂ ಹೇಳಿ. ನಾನು ಹೇಳಿರಲಿಲ್ಲ.”

ಒಬ್ಬ ಹುಡುಗಿ ಅದನ್ನೂ ಬರೆದುಕೊಂಡಳು.

ಮನೆಯಲ್ಲಿ ಕಲೆಗಳು ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿದವು. ಚುಚ್ಚಲು ಜಾಗ ಸಿಕ್ಕಿತು. ಅತ್ತೆ ವಾಕರ್ ಹಿಡಿದು ಕಿಟಕಿಯವರೆಗೆ ನಡೆದರು. ಮಾವ ಕಾಫಿ ಲೋಟವನ್ನು ಹೊಸ್ತಿಲ ಪಕ್ಕದ ಕುರ್ಚಿಯ ಮೇಲಿಟ್ಟು ಹೋಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಸೊಸೆ ಹೊರಡುವ ಮೊದಲು ಅದನ್ನು ಒಳಗೆ ಕೊಡುತ್ತಿದ್ದಳು.

“ಅವರಿಗೆ ಹೇಳು, ಕಾಫಿ ಆರಿರತ್ತೆ ಅಂತ.”

“ಅವಳಿಗೆ ಹೇಳು, ನಾಳೆ ಬಿಸಿ ಮಾಡಿ ಇಡ್ತೀನಿ ಅಂತ.”

ಒಂದು ಸಂಜೆ ಸೊಸೆ ಮುಂದಿನ ಕೋಣೆಗೆ ಹೋಗಿ ಕೂತಳು. ಮಾವ ಕಿಟಕಿಯ ಪಕ್ಕ, ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು.

“ತಪ್ಪು ನಂದು ಮಾವ. ಮೊದಲ ದಿನವೇ ನಿಮಗೆ ಹೇಳಬೇಕಿತ್ತು.”

“ನೀನೇನು ಮಾಡ್ತೀಯ. ನಾನು ಬಾಗಿಲಾಚೆ ಇದ್ದೆ.”

“ಉಜ್ಜಬಾರದು ಅಷ್ಟೆ. ಹತ್ತಿರ ಕೂತ್ಕೋಬಾರದು ಅಂತ ಯಾರೂ ಹೇಳಿಲ್ಲ.”

“ಬರಿಗೈಲಿ ಕೂತು ಏನ್ ಮಾಡ್ಲಿ?” ಎಂದರು ಮಾವ. “ನೋವು ಕಮ್ಮಿ ಮಾಡ್ತಿದೀನಿ ಅಂತಿದ್ದೆ. ಅವಳ ಹೊಟ್ಟೆ ಹಾಳು ಮಾಡ್ತಿದ್ದೆ” ಎಂದರು. ಅವರ ಕಣ್ಣು ತುಂಬಿತ್ತು. ಸೊಸೆಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತು ಯಾರಾದರೂ ಅವಳ ಕೈಗೆ ಕೊಟ್ಟಿದ್ದರೆ ದಾಟಿಸುತ್ತಿದ್ದಳು. ಅವಳದೇ ಮಾತು ಅವಳಿಗೆ ಸಿಗಲಿಲ್ಲ.

ಮೂವತ್ತೈದನೆಯ ದಿನ ಚೀಲದಲ್ಲಿ ಒಂದೇ ಸಿರಿಂಜಿತ್ತು. ಸೊಸೆ ಎಡಪಕ್ಕದಲ್ಲಿ ಜಾಗ ನೋಡಿ, ಒರೆಸಿ, ಒಣಗಿಸಿ, ಮಡಿಕೆ ಹಿಡಿದು ಚುಚ್ಚಿದಳು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಒಂದು ಚುಕ್ಕೆ ರಕ್ತವೂ ಬರಲಿಲ್ಲ. ಅಷ್ಟು ಚೊಕ್ಕವಾದ ಸೂಜಿಯನ್ನು ಅವಳು ಯಾವ ರೋಗಿಗೂ ಕೊಟ್ಟಿರಲಿಲ್ಲ, ನೋಡಲು ಮಾತ್ರ ಯಾರೂ ಇರಲಿಲ್ಲ.

“ಮುಗೀತು ಅತ್ತೆ.”

“ಮುಗೀತಾ,” ಎಂದರು ಅತ್ತೆ. ಆ ದನಿಯಲ್ಲಿ ಸಂತೋಷ ಇರಲಿಲ್ಲ.

ಡಬ್ಬದ ಮುಚ್ಚಳ ಬಿಗಿದು ಅವಳು ಬಾಗಿಲು ತೆಗೆದಳು. ಹೊರಗೆ ಮಾವ ನಿಂತಿದ್ದರು. ಕಾಫಿ ಲೋಟ ಕುರ್ಚಿಯ ಮೇಲಿರಲಿಲ್ಲ, ಅವರ ಕೈಯಲ್ಲಿತ್ತು. ಅವರು ದನಿ ತಗ್ಗಿಸಿ ಕೇಳಿದರು.

“ಇವತ್ತಿಗೆ ಮೂವತ್ತೈದು ಅಲ್ವಾ?”

“ಹೌದು ಮಾವ. ನೀವು ಎಣಿಸ್ತಿದ್ರಾ?”

“ಇನ್ನು ಉಜ್ಜಬಹುದಾ?”

ಸೊಸೆ ನರ್ಸ್. ಮನಸ್ಸು ಏನೇ ಹೇಳಲಿ, ಸುಳ್ಳು ಹೇಳುವ ಹಾಗಿರಲಿಲ್ಲ.

“ಹೊಟ್ಟೆ ಬೇಡ ಮಾವ, ಕಲೆ ಪೂರ್ತಿ ಹೋಗ್ಲಿ. ಕಾಲೂ ಬೇಡ. ಅಂಗೈ ಆದ್ರೆ...”

“ಏನು ಕೇಳ್ತಿದೀರಿ ಅಲ್ಲಿ?” ಒಳಗಿನಿಂದ ಅತ್ತೆಯ ದನಿ ಬಂತು.

ಸೊಸೆ ಅಭ್ಯಾಸಬಲದಿಂದ ಒಳಕ್ಕೆ ತಿರುಗಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಅವಳನ್ನು ದಾಟಿ ಹೊಸ್ತಿಲ ಒಳಗೆ ಹೋಗಿದ್ದರು.

“ಕೈ ಕೊಡು ಅಂದೆ,” ಎಂದರು ಅವರು. “ನೋವಿದ್ಯಾ?”

“ಕೈಗಾ?” ಎಂದರು ಅತ್ತೆ. ಕೈಗೆ ಏನೂ ಆಗಿರಲಿಲ್ಲ. “ಇದೆ. ತುಂಬಾ ಇದೆ.”

ಸ್ಟೂಲು ಎಳೆದ ಸದ್ದಾಯಿತು.

ಸೊಸೆ ಬಾಗಿಲ ಹೊರಗೆ ನಿಂತಿದ್ದಳು, ಅಷ್ಟು ದಿನ ಮಾವ ನಿಂತಿದ್ದ ಜಾಗದಲ್ಲೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ದಾಟಿಸಲು ಏನೂ ಇರಲಿಲ್ಲ. ಚೀಲ ತೆಗೆದುಕೊಂಡಳು. ಶೂ ಹಾಕಿಕೊಂಡಳು. ಹಿಂದಿನ ದಿನ ಡ್ಯೂಟಿಗೆ ಹೋದ ಗಂಡನಿಂದ ಏನಾದರೂ ಬಂದಿದೆಯೇ ಎಂದು ಫೋನು ನೋಡಿದಳು. ಇರಲಿಲ್ಲ.

“ಹೋಗಿ ಬರ್ತೀನಿ,” ಎಂದಳು.

ಒಳಗೆ ಮಾವ ಏನೋ ಹೇಳುತ್ತಿದ್ದರು, ಅತ್ತೆ ಹೂಂಗುಟ್ಟುತ್ತಿದ್ದರು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಬಸ್ಸಿಗೆ ನಡೆದಳು.